ಚಿನ್ನ ಮುಗಿದ ಮೇಲಿನ ಕೆಜಿಎಫ್

ಕೋಲಾರ ಜಿಲ್ಲೆಯ ಕೋಲಾರ ಗೋಲ್ಡ್ ಫೀಲ್ಡ್ಸ್ ರಾಜಧಾನಿ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಕೆಜಿಎಫ್ ಎಂಬ ಹೆಸರಿನಿಂದಲೇ ಪ್ರಸಿದ್ಧವಾದ ಈ ನಗರ ಒಂದು ಶತಮಾನಕ್ಕೂ ಹೆಚ್ಚು ಕಾಲ ದೇಶಕ್ಕೆ ಚಿನ್ನ ನೀಡಿತು. ಚಾಂಪಿಯನ್ ರೀಫ್, ಉರಿಗಾಂ, ಮಾರಿಕುಪ್ಪಂ ಮುಂತಾದ ಗಣಿ ಬಡಾವಣೆಗಳೂ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳೂ ಇದರ ಭಾಗಗಳು.

ಗಣಿಗಾರಿಕೆಯ ಹಿನ್ನೆಲೆ

ಬ್ರಿಟನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರ ದಶಕದಲ್ಲಿ ಇಲ್ಲಿ ಆಧುನಿಕ ಗಣಿಗಾರಿಕೆಗೆ ಬುನಾದಿ ಹಾಕಿತು. ಗಣಿಗಳ ಯಂತ್ರಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತರಲಾಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದರ ನಂತರ, 1905ರಲ್ಲಿ. ಕುಡಿಯುವ ನೀರು ಬೇತಮಂಗಲ ಕೆರೆಯಿಂದ ಬಂತು. ತಮಿಳು ಮತ್ತು ತೆಲುಗು ಸೀಮೆಗಳಿಂದ ವಲಸೆ ಬಂದ ಕಾರ್ಮಿಕರು ತಲೆಮಾರುಗಳ ಕಾಲ ಇಲ್ಲಿನ ಸಾಲುಮನೆಗಳಲ್ಲಿ ನೆಲೆಸಿದರು.

ಗಣಿಯ ಆಳ 3 ಕಿ.ಮೀ.ಗೂ ಮೀರಿತ್ತು. ಅಷ್ಟು ಕೆಳಗೆ ಬಂಡೆಯ ಉಷ್ಣತೆ ಸಹಿಸಲಸಾಧ್ಯ. ಒತ್ತಡದಿಂದ ಬಂಡೆಗಳು ಹಠಾತ್ತನೆ ಸಿಡಿದು ಅನೇಕರು ಪ್ರಾಣ ಕಳೆದುಕೊಂಡರು. ಸಿಲಿಕಾ ಧೂಳು ಶ್ವಾಸಕೋಶವನ್ನು ಕಾಡಿತು. ಅದೇ ಆಳ ವಿಜ್ಞಾನಕ್ಕೆ ವರವಾಯಿತು: 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಇಲ್ಲಿ ದೊರೆಯಿತು.

ಮುಚ್ಚುಗಡೆ

ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರಚನೆಯಾಯಿತು. ಅದಿರಿನಲ್ಲಿ ಚಿನ್ನದ ಅಂಶ ಕುಸಿದು, ಆಳ ಹೆಚ್ಚಿದಂತೆ ವೆಚ್ಚವೂ ಏರಿ ನಷ್ಟ ಬೆಳೆಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಷ್ಟರಲ್ಲಿ ಹೊರಬಂದಿದ್ದ ಚಿನ್ನ ಸುಮಾರು 800 ಟನ್.

ಇಂದಿನ ನಗರ

ಮಣ್ಣು ಸಾಗಿಸುವ ಭಾರೀ ಯಂತ್ರಗಳನ್ನು ತಯಾರಿಸುವ ಬೆಮೆಲ್ ಕಾರ್ಖಾನೆ ಇಂದು ಇಲ್ಲಿನ ಪ್ರಮುಖ ಉದ್ಯಮ. ಆದರೆ ಗಣಿ ನೀಡಿದ್ದಷ್ಟು ಉದ್ಯೋಗವನ್ನು ಒಂದು ಕಾರ್ಖಾನೆ ನೀಡಲಾರದು. ಆದ್ದರಿಂದ ಸಾವಿರಾರು ಮಂದಿ ಮುಂಜಾನೆಯೇ ಮಾರಿಕುಪ್ಪಂ, ಉರಿಗಾಂ ನಿಲ್ದಾಣಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಒಂದು ಕಾಲದಲ್ಲಿ ದೂರದೂರುಗಳಿಂದ ದುಡಿಮೆಗಾರರನ್ನು ಸೆಳೆದ ಊರಿನ ಮಕ್ಕಳು ಇಂದು ದುಡಿಮೆಗಾಗಿ ಹೊರಗೆ ಹೋಗುತ್ತಿದ್ದಾರೆ.

ಚಿನ್ನ ಬೇರ್ಪಡಿಸಿದ ಬಳಿಕ ಉಳಿದ ಮಣ್ಣಿನ ರಾಶಿಗಳು ‘ಸೈನೈಡ್ ಗುಡ್ಡ’ಗಳಾಗಿ ನಿಂತಿವೆ. ಬೇಸಿಗೆಯ ಗಾಳಿಗೆ ಅವುಗಳ ಧೂಳು ಮನೆಗಳನ್ನು ಹೊಗುತ್ತದೆ. ಈ ರಾಶಿಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವನೆಗೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಸಮ್ಮತಿಸಿತು. ಅದರಿಂದ ಸ್ಥಳೀಯರಿಗೆ ಎಷ್ಟು ಕೆಲಸ ದೊರೆತೀತು, ಧೂಳು ಎಷ್ಟು ಅಡಗೀತು ಎಂಬುದೇ ಈ ನಗರದ ಮುಂದಿರುವ ಪ್ರಶ್ನೆ.