ಭೂಭ್ರಮಣವೂ ಚಂಡಮಾರುತವೂ: ಒಂದು ನಿಯಮದ ಇತಿಹಾಸ

ಚಂಡಮಾರುತವು ಒಂದು ಕೇಂದ್ರವನ್ನು ಸುತ್ತುವ ಗಾಳಿಯೆಂಬ ನಿಯಮವು ಸ್ಥಿರಪಟ್ಟುದು ಗಣಿತದಿಂದಲ್ಲ, ಹಡಗುಗಳ ದಿನಚರಿಗಳಿಂದ. ಅಮೆರಿಕದ ವಿಲಿಯಂ ರೆಡ್‌ಫೀಲ್ಡನು 1821ರ ಬಿರುಗಾಳಿಗೆ ಉರುಳಿದ ಮರಗಳು ಬೇರೆಬೇರೆ ಎಡೆಗಳಲ್ಲಿ ಎದುರುಬದುರು ದಿಕ್ಕಿಗೆ ಬಿದ್ದುದನ್ನು ಕಂಡು, 1831ರಲ್ಲಿ ಈ ವಿಚಾರವನ್ನು ಪ್ರಕಟಿಸಿದನು. ಈ ಸುತ್ತು ಉತ್ತರಾರ್ಧಗೋಳದಲ್ಲಿ ಅಪ್ರದಕ್ಷಿಣವೆಂದೂ ದಕ್ಷಿಣದಲ್ಲಿ ಪ್ರದಕ್ಷಿಣವೆಂದೂ ವಿಲಿಯಂ ರೀಡನ 1838ರ ಗ್ರಂಥವು ತೋರಿಸಿತು. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ನನು ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಒಂದೊಂದಾಗಿ ಪರಿಶೀಲಿಸಿ, 1848ರ ತನ್ನ ಕೈಪಿಡಿಯಲ್ಲಿ, ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ ‘ಸೈಕ್ಲೋನ್’ ಎಂಬ ಹೆಸರನ್ನು ರೂಪಿಸಿದನು. ಮಾತ್ಲಾ ನದಿಯ ಮೇಲೆ ಹೊಸ ಬಂದರನ್ನು ಕಟ್ಟುವ ಯೋಚನೆ ನಡೆದಾಗ, ಬಿರುಗಾಳಿಯು ತರುವ ಸಮುದ್ರದ ಉಬ್ಬರವು ಅದನ್ನು ಮುಳುಗಿಸುವುದೆಂದು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬರೆದನು. ಬಂದರು ಎದ್ದಿತು, 1867ರಲ್ಲಿ ಉಬ್ಬರದ ಹೊಡೆತಕ್ಕೆ ಸಿಕ್ಕಿ ಹಾಳಾಯಿತು. ಎಚ್ಚರಿಸಿದವನು 1858ರಲ್ಲಿಯೇ ತೀರಿಕೊಂಡಿದ್ದನು.

ನಿಯಮವು ಹೀಗೆ ಕೈಗೆ ಬಂದಿದ್ದರೂ ಅದರ ಕಾರಣವು ಬೇರೆಡೆ ಬೆಳೆಯುತ್ತಿತ್ತು. ಭೂಮಿಯ ಭ್ರಮಣದಿಂದ ವಾಣಿಜ್ಯ ಮಾರುತಗಳು ಓರೆಯಾಗುವುವೆಂದು ಹ್ಯಾಡ್ಲಿಯು 1735ರಲ್ಲಿಯೇ ಹೇಳಿದ್ದನು. ಕೊರಿಯೊಲಿಸನ 1835ರ ಪ್ರಬಂಧದ ವಿಷಯವಾದರೋ ತಿರುಗುವ ಯಂತ್ರಗಳು. ಗಾಳಿಯ ಮಾತೇ ಅದರಲ್ಲಿಲ್ಲ. ನ್ಯಾಶ್‌ವಿಲ್ಲಿನ ಉಪಾಧ್ಯಾಯ ವಿಲಿಯಂ ಫೆರೆಲನು 1856ರಲ್ಲಿ, ವಿಚಿತ್ರವೆಂದರೆ ಒಂದು ವೈದ್ಯಕೀಯ ಪತ್ರಿಕೆಯಲ್ಲಿ, ಈ ಪ್ರಶ್ನೆಯನ್ನೆತ್ತಿದನು. ಯಾವ ದಿಕ್ಕಿಗೆ ಚಲಿಸುವ ವಸ್ತುವೂ ಉತ್ತರಾರ್ಧಗೋಳದಲ್ಲಿ ಬಲಕ್ಕೆ ವಾಲುವುದೆಂದು ಕೆಲವೇ ವರ್ಷಗಳಲ್ಲಿ ನಿರೂಪಿಸಿದನು.

ಬಲಕ್ಕೆ ವಾಲುವ ಗಾಳಿ ಅಪ್ರದಕ್ಷಿಣವಾಗಿ ಸುತ್ತುವುದೇಕೆ? ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಬಿಸಿಯಾದ ಕಡಲ ಮೇಲೆ ಒತ್ತಡ ತಗ್ಗಿದಾಗ ಸುತ್ತಣ ಗಾಳಿ ಆ ಕೇಂದ್ರದತ್ತ ಧಾವಿಸುತ್ತದೆ. ಬಲಕ್ಕೆ ವಾಲಿದುದರಿಂದ ಅದು ಕೇಂದ್ರವನ್ನು ನೇರವಾಗಿ ಮುಟ್ಟದೆ, ಅದನ್ನು ತನ್ನ ಎಡಕ್ಕೆ ಬಿಟ್ಟುಕೊಂಡು ಸುತ್ತತೊಡಗುತ್ತದೆ. ಭೂಭ್ರಮಣವು ಚಂಡಮಾರುತಕ್ಕೆ ಶಕ್ತಿಯನ್ನು ಕೊಡುವುದಿಲ್ಲ; ಶಕ್ತಿಯು ಕಡಲಿನಿಂದೆದ್ದ ಆವಿಯು ಸಾಂದ್ರಗೊಳ್ಳುವಾಗ ಹೊಮ್ಮುವ ಶಾಖದ್ದು. ಭ್ರಮಣವು ಕೊಡುವುದು ಸುತ್ತನ್ನು ಮಾತ್ರ. ಅದಿಲ್ಲದಿದ್ದರೆ ಒಳನುಗ್ಗಿದ ಗಾಳಿಯು ತಗ್ಗನ್ನು ಬೇಗನೆ ತುಂಬಿಬಿಡುತ್ತಿತ್ತು.

ಈ ಪ್ರಭಾವವು ಅಕ್ಷಾಂಶದ ಸೈನಿಗೆ ಅನುಗುಣವಾದುದರಿಂದ ಭೂಮಧ್ಯರೇಖೆಯಲ್ಲಿ ಶೂನ್ಯ. ಅಲ್ಲಿನ ಕಡಲು ಎಷ್ಟೇ ಬಿಸಿಯಾಗಿದ್ದರೂ 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ಅಪರೂಪ. ನಾವಿಕರ ನಿಯಮವು ಇದನ್ನು ವಿವರಿಸಲಾರದು. ಫೆರೆಲನ ನಿಯಮ ವಿವರಿಸಬಲ್ಲುದು. ಆದರೆ 5 ಡಿಗ್ರಿಯು ದಾಟಬಾರದ ಗೆರೆಯೇನೂ ಅಲ್ಲ. 2001ರ ಡಿಸೆಂಬರಿನಲ್ಲಿ ‘ವಾಮೆ’ ಎಂಬ ಚಂಡಮಾರುತವು ಸಿಂಗಪುರದ ಸಮೀಪ, ಕೇವಲ ಒಂದೂವರೆ ಡಿಗ್ರಿ ಉತ್ತರದಲ್ಲಿ ಎದ್ದಿತು. ಭೂಮಿಯು ಕೊಡಲಾರದ ಸುತ್ತನ್ನು ಅಲ್ಲಿ ಚಳಿಗಾಲದ ಈಶಾನ್ಯ ಮಾರುತವೂ ಬೋರ್ನಿಯೋ ಬಳಿಯ ಗಾಳಿಸುಳಿಯೂ ಒದಗಿಸಿದ್ದುವು.