ತಿಪ್ಪೆಗೊಬ್ಬರ (ಕೋಲಾರ ಸೀಮೆ)

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಿತ್ತಲುಗಳಲ್ಲಿ ಸಗಣಿ, ಕೊಟ್ಟಿಗೆಕಸ, ಅಡುಗೆಮನೆಯ ಸಿಪ್ಪೆ, ರೇಷ್ಮೆಹುಳುವಿನ ಹಿಕ್ಕೆ ಕಳಿತು ಆಗುವ ಗೊಬ್ಬರ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಒಣಸೀಮೆಯಲ್ಲಿ ತಿಪ್ಪೆ ತಡವಾಗಿ ಕಳಿಯಲು ತೇವದ ಕೊರತೆಯೇ ದೊಡ್ಡ ಕಾರಣ. ಶೇ. 50–60 ತೇವ ಬೇಕು: ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಶ್ರೀನಿವಾಸಪುರದ ಮಾವಿನ ತರಗು ಮಾತ್ರ ಹಟಮಾರಿ. ಎಲೆಯ ಮೇಣದ ಹೊದಿಕೆ ನೀರನ್ನು ಒಳಬಿಡದು. ಚೂರು ಮಾಡಿ, ಸಾರಜನಕ ಹೆಚ್ಚಿರುವ ಹಿಕ್ಕೆ ಮತ್ತು ಸಗಣಿ ಬಗ್ಗಡ ಬೆರೆಸಿದರೆ ಬೇಗ ಮೆತ್ತಗಾಗುತ್ತದೆ. ಇಂಗಾಲ–ಸಾರಜನಕ ಅನುಪಾತ 25–30:1 ಇದ್ದು, ಆಗಾಗ ಮಗುಚಿದರೆ ಒಡಲಿನ ಬಿಸಿ 55–65 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಕೆಲವೇ ತಿಂಗಳಲ್ಲಿ ಗೊಬ್ಬರ ಸಿದ್ಧ. ಕಳಿಯುವಿಕೆ ಶುರುವಾಗಲು ಅಂಗಡಿಯ ಪುಡಿ ಬೇಕಿಲ್ಲ, ಒಂದು ಬುಟ್ಟಿ ಹಳೆಗೊಬ್ಬರ ಸಾಕು. ಹಸಿ ಹಿಕ್ಕೆಯನ್ನು ನೇರ ಹಿಪ್ಪುನೇರಳೆ ತೋಟಕ್ಕೆ ಹಾಕಿದರೆ ಹುಳುವಿನ ರೋಗ ಮರಳುವ ಭಯವಿದೆ.