ನೀತಿಪಾಠವೂ ಹಾಜರಿ ಪುಸ್ತಕವೂ



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ತಾನೇ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಳೆದ ವಾರ ದೂರವಾಣಿಯಲ್ಲಿ ಮಾತನಾಡುತ್ತ, "ಮೇಷ್ಟ್ರೇ, ಮೌಲ್ಯಶಿಕ್ಷಣದ ಅವಧಿಯನ್ನು ನನಗೆ ವಹಿಸಿದ್ದಾರೆ. ಚಿಕ್ಕ ಮಕ್ಕಳಿಗೆ ಒಳ್ಳೆಯ ನಡತೆಯನ್ನು ಪಾಠ ಮಾಡುವುದು ಹೇಗೆ?" ಎಂದು ಕೇಳಿದಳು. ಆ ಹೊತ್ತಿಗೆ ಏನೋ ಒಂದು ಹೇಳಿದೆ. ಆದರೆ ನಮ್ಮ ದೇಶದಲ್ಲಿ ನೂರ ನಲವತ್ತು ವರ್ಷಗಳಿಂದ ದೊಡ್ಡ ದೊಡ್ಡವರನ್ನು ಕಾಡಿದ ಪ್ರಶ್ನೆಯಿದು. ಸಾವಧಾನದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

1882ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಹಂಟರ್ ಆಯೋಗವು, ಎಲ್ಲ ಧರ್ಮಗಳಿಗೂ ಒಪ್ಪುವ ತತ್ವಗಳನ್ನು ಆಧರಿಸಿದ ನೀತಿ ಪಠ್ಯಪುಸ್ತಕವೊಂದನ್ನು ಕಾಲೇಜುಗಳಿಗಾಗಿ ರಚಿಸಬೇಕೆಂದು ಶಿಫಾರಸು ಮಾಡಿತು. ಆಯೋಗದ ಸದಸ್ಯರೇ ಆಗಿದ್ದ ಕಾಶೀನಾಥ ತ್ರ್ಯಂಬಕ ತೆಲಂಗರು ಇದಕ್ಕೆ ಭಿನ್ನಮತ ಬರೆದರು. ಸರ್ಕಾರವೂ ಆ ಸಲಹೆಯನ್ನು ಒಪ್ಪಲಿಲ್ಲ. 1904ರಲ್ಲಿ ಲಾರ್ಡ್ ಕರ್ಜನ್ನನ ಕಾಲದ ಶಿಕ್ಷಣ ನಿರ್ಣಯವು ಇನ್ನೂ ಸ್ಪಷ್ಟವಾಗಿ ನುಡಿಯಿತು: ನಡತೆಯನ್ನು ತಿದ್ದುವ ದಾರಿ ನೀತಿಯ ಪುಸ್ತಕಗಳಲ್ಲಿ ಅಷ್ಟಾಗಿ ಇಲ್ಲ, ಚೆನ್ನಾಗಿ ಆರಿಸಿ ತರಬೇತುಗೊಳಿಸಿದ ಉಪಾಧ್ಯಾಯರಲ್ಲಿ, ಮಹನೀಯರ ಜೀವನಚರಿತ್ರೆಗಳಲ್ಲಿ, ಗುರುಶಿಷ್ಯರ ದಿನನಿತ್ಯದ ಒಡನಾಟದಲ್ಲಿ ಇದೆ ಎಂದು. ಕರ್ಜನ್ನನ ಎಷ್ಟೋ ಕಾರ್ಯಗಳನ್ನು ನಾವು ಮೆಚ್ಚಲಾರೆವು. ಆದರೂ ಈ ಮಾತಿನಲ್ಲಿ ಸತ್ಯವಿದ್ದಿತು.

ವಿಚಿತ್ರವೆಂದರೆ ಸಾಮ್ರಾಜ್ಯದ ಕಡುವಿರೋಧಿಯಾದ ಮಹಾತ್ಮ ಗಾಂಧಿಯವರೂ ಇದೇ ಎಡೆಗೆ ಬಂದು ನಿಂತರು. 1937ರ ವಾರ್ಧಾ ಸಮ್ಮೇಳನದಿಂದ ಮೂಡಿದ ಮೂಲಶಿಕ್ಷಣ ಯೋಜನೆಯಲ್ಲಿ ಧರ್ಮಬೋಧನೆಗೆ ಸ್ಥಳವೇಕಿಲ್ಲವೆಂದು ಕೆಲವರು ಆಕ್ಷೇಪಿಸಿದರು. 1938ರಲ್ಲಿ ಗಾಂಧೀಜಿ ಉತ್ತರ ಕೊಟ್ಟರು. ಧರ್ಮಗಳನ್ನು ಇಂದು ಬೋಧಿಸುತ್ತಿರುವ ರೀತಿ ಐಕ್ಯಕ್ಕಿಂತ ಕಲಹಕ್ಕೆ ದಾರಿಯಾಗುವುದೆಂಬ ಭಯದಿಂದ ಅದನ್ನು ಕೈಬಿಟ್ಟೆವು. ಎಲ್ಲ ಧರ್ಮಗಳಿಗೂ ಸಾಮಾನ್ಯವಾದ ಸತ್ಯಗಳನ್ನು ಮಕ್ಕಳು ಕಲಿಯಲೇಬೇಕು, ಆದರೆ ಅವನ್ನು ಕಲಿಯುವುದು ಮಾತಿನಿಂದಲ್ಲ, ಪುಸ್ತಕದಿಂದಲ್ಲ, ಗುರುವಿನ ನಿತ್ಯಜೀವನದಿಂದ ಮಾತ್ರ ಎಂಬುದು ಅವರ ಅಭಿಪ್ರಾಯ.

ಸ್ವಾತಂತ್ರ್ಯಾನಂತರ ನಮ್ಮ ಸಂವಿಧಾನದ 28ನೆಯ ವಿಧಿಯು, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ವಿಧಿಸಿತು. ಹಾಗಾದರೆ ನೀತಿಯ ಗತಿಯೇನು? 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿಯು ಬೆಳಗಿನ ಕೆಲವು ನಿಮಿಷಗಳ ಮೌನಪ್ರಾರ್ಥನೆಯನ್ನೂ, ಕಿರಿಯ ಮಕ್ಕಳಿಗೆ ಸಂತರ ಸರಳ ಕಥೆಗಳನ್ನೂ ಸೂಚಿಸಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ವಾರಕ್ಕೆ ಒಂದೆರಡು ಅವಧಿಗಳನ್ನು ಇದಕ್ಕಾಗಿ ಮೀಸಲಿಡುವಂತೆ ಹೇಳಿತು. ಆದರೆ ಶಾಲೆಯ ವಾತಾವರಣವೂ ಉಪಾಧ್ಯಾಯರ ನಡವಳಿಕೆಯೂ ಪರೋಕ್ಷವಾಗಿ ಬೀರುವ ಪ್ರಭಾವವನ್ನು ಮರೆಯಬಾರದೆಂದೂ ಎಚ್ಚರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಂಚತಂತ್ರ, ಜಾತಕ, ಹಿತೋಪದೇಶಗಳ ಕಥೆಗಳನ್ನು ಮಕ್ಕಳು ಓದಬೇಕೆನ್ನುತ್ತದೆ.

ಕಥೆಯ ಈ ಶಕ್ತಿಯನ್ನು ಕನ್ನಡದಲ್ಲಿ ಬಹು ಮೊದಲೇ ಕಂಡುಕೊಂಡವರು ಪಂಜೆ ಮಂಗೇಶರಾಯರು (1874–1937). ಅವರು ಸ್ವತಃ ಉಪಾಧ್ಯಾಯರು, ಶಾಲೆಗಳ ತನಿಖಾಧಿಕಾರಿಗಳೂ ಆಗಿದ್ದವರು. ಮಗುವಿನ ಮುಖ ಬಲ್ಲವರು. ಅವರ 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆಯನ್ನು ನನ್ನ ಬಾಯಿಂದ ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸುತ್ತ ಹೋಗುವ ಕಥೆಯದು. ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. 'ಇದರ ನೀತಿಯೇನು?' ಎಂದು ನಾನು ಕೇಳಿದೊಡನೆ ನಗು ನಿಂತುಹೋಗುತ್ತಿತ್ತು. ಹಾಗೆ ಕೇಳಬಾರದೆಂದು ತಿಳಿಯಲು ನನಗೆ ಹಲವು ವರ್ಷಗಳು ಬೇಕಾದವು.

ಇನ್ನು ನನ್ನದೇ ಒಂದು ಸಂಗತಿ. ಇದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ.

1974ರ ಸುಗ್ಗಿಯ ಕಾಲ. ನಾನು ಎರಡು ಕೊಠಡಿಗಳ ಹಳ್ಳಿಶಾಲೆಯೊಂದರಲ್ಲಿ ಹೊಸ ಮೇಷ್ಟ್ರು. ರಾಗಿ ಕೊಯ್ಲಿಗೆಂದು ಅರ್ಧಕ್ಕರ್ಧ ಮಕ್ಕಳು ಹೊಲಕ್ಕೆ ಹೋಗಿದ್ದರು. ಅಂದೇ ಮಧ್ಯಾಹ್ನ ತನಿಖಾಧಿಕಾರಿಗಳು ಬರುವರೆಂಬ ಸುದ್ದಿ ಬಂದಿತು. ಆ ಬೆಳಿಗ್ಗೆ ಮೂರನೆಯ ತರಗತಿಗೆ 'ಗೋವಿನ ಹಾಡು' ಹೇಳಿಕೊಟ್ಟಿದ್ದೆ. ಕೊಟ್ಟ ಮಾತಿಗೆ ತಪ್ಪದ ಪುಣ್ಯಕೋಟಿಯನ್ನು ಕುರಿತು ನಾನೇ ಕಣ್ಣೊದ್ದೆ ಮಾಡಿಕೊಂಡಿದ್ದೆ. ಅನಂತರ ಕುರ್ಚಿಯಲ್ಲಿ ಕುಳಿತು, ಬಾರದ ಮಕ್ಕಳಿಗೂ ಹಾಜರಿ ಹಾಕತೊಡಗಿದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ಗೆಳತಿಯ ಹೆಸರು ಹೇಳಿ, "ಅವಳು ಬಂದೇ ಇಲ್ಲ ಮೇಷ್ಟ್ರೇ" ಎಂದಳು. "ಸುಮ್ಮನೆ ಕೂತ್ಕೊಳೇ" ಎಂದು ಗದರಿದೆ. ಕುಳಿತುಕೊಂಡಳು.

ಮರುದಿನ ಹಾಜರಿ ಕರೆಯುವಾಗ ಆ ಗೆಳತಿಯ ಹೆಸರು ಬಂದಿತು. ಅವಳು ಅಂದೂ ಬಂದಿರಲಿಲ್ಲ. ಮುಂದಿನ ಸಾಲಿನಿಂದ ಇದೇ ಹುಡುಗಿ "ಹಾಜರ್ ಮೇಷ್ಟ್ರೇ" ಎಂದಳು. ಅವಳ ಮುಖದಲ್ಲಿ ತುಂಟತನದ ಲೇಶವೂ ಇರಲಿಲ್ಲ. ನನಗೆ ಉಪಕಾರ ಮಾಡುತ್ತಿರುವ ಭಾವವಿತ್ತು. ಪಾಠ ಒಪ್ಪಿಸಿದ್ದಳು, ಅಷ್ಟೇ. ಅದು ಪುಣ್ಯಕೋಟಿಯ ಪಾಠವಾಗಿರಲಿಲ್ಲ, ನನ್ನದಾಗಿತ್ತು.

ನನ್ನ ಕೈ ನಡುಗಿತು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ದಿನದ ಹಾಳೆಯನ್ನು ತೆರೆದು, "ನಿನ್ನೆ ನಾನು ಬರೆದದ್ದು ಸುಳ್ಳು. ನೀನು ಹೇಳಿದ್ದೇ ನಿಜ" ಎಂದು ಎಲ್ಲರ ಎದುರಿಗೆ ಹೇಳಿ, ಕೆಂಪು ಶಾಯಿಯಿಂದ ತಿದ್ದಿ ರುಜು ಹಾಕಿದೆ. ಮುಖ್ಯೋಪಾಧ್ಯಾಯರಿಂದ ಬೈಸಿಕೊಂಡದ್ದೂ ಆಯಿತು. ಆ ಮಗು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿತು. ನನ್ನ ತಿದ್ದುಪಡಿ ಅವಳ ನೆನಪಿನಲ್ಲಿ ಉಳಿಯಿತೋ, ಗದರಿಕೆಯೇ ಉಳಿಯಿತೋ ಎಂದು ಇಂದಿಗೂ ಯೋಚಿಸುತ್ತೇನೆ.

ಆದುದರಿಂದ ತಾಯಿ, ನಿನ್ನ ಪ್ರಶ್ನೆಗೆ ಉತ್ತರವಿಷ್ಟೇ. ಕಥೆ ಹೇಳು, ಚೆನ್ನಾಗಿ ಹೇಳು, ನೀತಿಯನ್ನು ಕೇಳಬೇಡ. ನಿನ್ನಿಂದ ತಪ್ಪಾದ ದಿನ ಮಕ್ಕಳ ಎದುರಿಗೇ ಒಪ್ಪಿಕೋ. ವಾರಕ್ಕೆ ಒಂದು ಅವಧಿ ಮೌಲ್ಯಶಿಕ್ಷಣವೆಂದು ವೇಳಾಪಟ್ಟಿಯಲ್ಲಿ ಬರೆದಿರುತ್ತದೆ. ಮಕ್ಕಳು ಮಾತ್ರ ಉಳಿದ ಅವಧಿಗಳಲ್ಲಿಯೂ ಅದನ್ನೇ ಕಲಿಯುತ್ತಿರುತ್ತಾರೆ.